ಎದುರಿನ ಹೋಟೆಲಿನ ಊಟ

ಕಲ್ಯಾಣಪ್ಪನವರು ಯಾವ ಹೋಟೆಲಿಗೆ ಹೋದರೂ ಮೊದಲು ಮಾಡುವ ಕೆಲಸ ನೀರಿನ ಗ್ಲಾಸು ಮೂಸುವುದು. ಮೂಸಿ, ಮೂಗು ಮುರಿದು, ಗ್ಲಾಸನ್ನು ಮೇಜಿನ ಅಂಚಿಗೆ ಸರಿಸಿದರೆಂದರೆ ಮುಗಿಯಿತು, ಆ ಹೋಟೆಲಿನ ಮಾನ ಸಂಜೆಯೊಳಗೆ ಸೋಲಾಪುರದ ನವಿ ಪೇಠೆಯಿಂದ ಸಾತ್ ರಸ್ತೆಯವರೆಗೆ ಹರಾಜು. ನೀರಾವರಿ ಕಚೇರಿಯಲ್ಲಿ ಹೆಡ್ ಕ್ಲಾರ್ಕ್ ಆಗಿದ್ದು ನಿವೃತ್ತರಾದ ಮೇಲೆ ಅವರಿಗೆ ಬೇರೆ ಉದ್ಯೋಗವಿರಲಿಲ್ಲ. ಹೊಸ ಹೋಟೆಲೋ ಬೇಕರಿಯೋ ತೆರೆದ ಸುದ್ದಿ ಬಂದರೆ ಸಾಕು, ಇಸ್ತ್ರಿ ಅಂಗಿ ಹಾಕಿಕೊಂಡು, ಗೆಳೆಯ ಅಮೃತಪ್ಪನನ್ನು ಸ್ಕೂಟರಿನ ಹಿಂದೆ ಕೂಡಿಸಿಕೊಂಡು ಹೊರಡುವರು. ರುಚಿ ನೋಡಲಿಕ್ಕೆ ಎನ್ನುವುದು ಹೆಸರಿಗೆ ಮಾತ್ರ. ಹೋಗುತ್ತಿದ್ದದ್ದು ಬೈಯಲಿಕ್ಕೆ.

ಬೈಯಲು ಬರವಿತ್ತೇ? ಹೋಟಗಿ ರಸ್ತೆಯ ಬೇಕರಿಯ ಖಾರಿ ಬಿಸ್ಕತ್ತನ್ನು ಚಹಾದಲ್ಲಿ ಅದ್ದಿದರೆ ಒದ್ದೆ ರಟ್ಟಿನಂತೆ ಜೋತುಬೀಳುತ್ತಿತ್ತು. ವಿಜಾಪುರ ರಸ್ತೆಯ ಕೆಫೆಯವನು ಪಿಜ್ಜಾದ ಮೇಲೆ ಶೇಂಗಾ ಚಟ್ನಿ ಉದುರಿಸಿ, ಅದರ ಮೇಲೆ ಮೇಯೋನೀಸ್ ಬಳಿದು, ಅದಕ್ಕೊಂದು ಇಂಗ್ಲಿಷ್ ಹೆಸರನ್ನೂ ಇಟ್ಟಿದ್ದ. ಜುಳೆ ಸೋಲಾಪುರದ ಪಾವಭಾಜಿ ಅಂಗಡಿಯಲ್ಲಿ ಭಾಜಿ ಎಲ್ಲಿದೆಯೆಂದು ಬೆಣ್ಣೆ ಸರಿಸಿ ಹುಡುಕಬೇಕಿತ್ತು. ಇವೆಲ್ಲಕ್ಕಿಂತ ಅವರಿಗೆ ಕಂಡರಾಗದ್ದು ಕೂಪನ್. ಹಸಿದು ಬಂದ ಮನುಷ್ಯ ಚೀಟಿಗಾಗಿ ಪಾಳಿ ಹಚ್ಚುವುದೆಂದರೆ ಏನು, ಇದೇನು ರೇಷನ್ ಅಂಗಡಿಯೇ, ತಾವು ಸತ್ತರೂ ನಿಲ್ಲುವವರಲ್ಲ ಎನ್ನುವರು. ಅಮೃತಪ್ಪನೇ ಹೋಗಿ ನಿಲ್ಲುತ್ತಿದ್ದ. ಇಷ್ಟೆಲ್ಲ ಬೈದರೂ ಕಲ್ಯಾಣಪ್ಪನವರು ತಟ್ಟೆಯಲ್ಲಿ ಒಂದು ಅಗುಳನ್ನೂ ಬಿಟ್ಟವರಲ್ಲ, ಅದನ್ನೂ ಹೇಳಿಬಿಡಬೇಕು.

ಇಂಥವರ ಒಬ್ಬಳೇ ಮಗಳು ಶರ್ವರಿ ಅಕ್ಕಲಕೋಟದ ಹೋಟೆಲಿನವನನ್ನು ಮದುವೆಯಾದಳು. ಅಳಿಯ ಉದಯಕುಮಾರನದು ದೇವಸ್ಥಾನದ ಹಾದಿಯಲ್ಲಿ ರೊಟ್ಟಿ, ಝುಣಕದ ಸಣ್ಣ ಹೋಟೆಲು, ಅದರ ಹಿಂದೆಯೇ ಮನೆ. ಮಗಳಿಗೆ ಬ್ಯಾಂಕಿನ ವರನನ್ನು ನೋಡಿಟ್ಟಿದ್ದ ಕಲ್ಯಾಣಪ್ಪನವರು ಬೀಗರ ಕಸುಬನ್ನು ಬಾಯಿಬಿಟ್ಟು ಹಳಿಯಲಿಲ್ಲ. ಹಳಿಯುವ ಅಗತ್ಯವೂ ಬೀಳಲಿಲ್ಲ. ಮೊಮ್ಮಕ್ಕಳಾಗುವವರೆಗೆ ತಂದೆ ಮಗಳ ಮನೆಯಲ್ಲಿ ಗುಟುಕು ನೀರನ್ನೂ ಕುಡಿಯಬಾರದೆಂಬ ಹಳೆಯ ಪದ್ಧತಿಯೊಂದು ಅವರಿಗೆ ಸಮಯಕ್ಕೆ ಸರಿಯಾಗಿ ನೆನಪಾಯಿತು. ಅವರ ಓಣಿಯಲ್ಲಿ ಅದನ್ನು ಪಾಲಿಸುವವರು ಯಾರೂ ಉಳಿದಿರಲಿಲ್ಲ. ಹೆಂಡತಿ ಕಸ್ತೂರಬಾಯಿಯಂತೂ ಮೊದಲ ವರ್ಷವೇ ಮಗಳ ಅಡುಗೆಮನೆಯಲ್ಲಿ ಕೂತು ಹೊಟ್ಟೆ ತುಂಬ ಉಂಡಿದ್ದರು.

ಪ್ರತಿ ಗುರುವಾರ ಗಂಡ ಹೆಂಡತಿ ಸ್ವಾಮಿಯ ದರ್ಶನಕ್ಕೆ ಅಕ್ಕಲಕೋಟಕ್ಕೆ ಬರುವರು. ಶರ್ವರಿ ತಾಟು ಹಾಕುವಳು. ಕಲ್ಯಾಣಪ್ಪನವರು ಮೀಸೆಯಲ್ಲೇ ನಗುತ್ತ, ಮೊದಲು ಮೊಮ್ಮಗ ಬರಲಿ, ಆಮೇಲೆ ತಮ್ಮ ಊಟ ಎಂದು ಗಿರಾಕಿಗಳಿಗೂ ಕೇಳುವಂತೆ ಹೇಳುವರು. ಹೇಳಿ, ರಸ್ತೆ ದಾಟಿ, ಎದುರಿನ ಹೋಟೆಲಿನಲ್ಲಿ ಕೂತು ಉಣ್ಣುವರು. ಮದುವೆಯಾಗಿ ಆರು ವರ್ಷವಾದರೂ ಆ ಮಾತು ಅವರ ಬಾಯಲ್ಲಿ ಹಳಸಲಿಲ್ಲ. ಖಾರಿಯಲ್ಲಿ ಡಾಲ್ಡಾ ಹೆಚ್ಚಾದದ್ದು ಗೊತ್ತಾಗುವ ಈ ಮಹಾಶಯರಿಗೆ ಮಗಳ ಮುಖ ಬಾಡಿದ್ದು ಗೊತ್ತಾಗಲಿಲ್ಲ.

ಎದುರಿನವನು ಬಿಡುತ್ತಾನೆಯೇ? ಬಾಗಿಲಲ್ಲಿ ನಿಂತು ಭಕ್ತರನ್ನು ಕರೆಯುವಾಗ ಕಲ್ಯಾಣಪ್ಪನವರತ್ತ ಕೈ ತೋರಿಸಿ, ಆಚೆಯ ಹೋಟೆಲಿನವನ ಖಾಸಾ ಮಾವನೇ ಅಲ್ಲಿ ಉಣ್ಣದೆ ಇಲ್ಲಿಗೆ ಬರುತ್ತಾರೆಂದು ಮರಾಠಿಯಲ್ಲಿ ಸಾರತೊಡಗಿದ. ಜನ ನಕ್ಕರು, ಅವನ ಕಡೆಗೇ ತಿರುಗಿದರು. ಇಡೀ ವಾರದ ವ್ಯಾಪಾರ ನಿಂತಿರುವುದು ಗುರುವಾರದ ಮೇಲೆ. ಅದೇ ದಿನ ಶರ್ವರಿ ಬಡಿದ ರೊಟ್ಟಿ ಬುಟ್ಟಿಯಲ್ಲಿ ಉಳಿಯತೊಡಗಿತು. ಆ ಕೂಗು ಕಲ್ಯಾಣಪ್ಪನವರಿಗೂ ಕೇಳಿಸುತ್ತಿತ್ತು. ತಮ್ಮ ನಾಲಿಗೆಗೆ ಪರವೂರಿನಲ್ಲೂ ಬೆಲೆ ಬಂತೆಂದು ಅವರು ಒಳಗೊಳಗೇ ಉಬ್ಬಿದರು.

ಕಳೆದ ಶ್ರಾವಣದ ಒಂದು ಗುರುವಾರ, ಎದುರಿನ ಹೋಟೆಲಿನ ಬೇಳೆ ನೀರಾಗಿದೆಯೆಂದು ಬೈಯುತ್ತ ಅವರು ಎರಡನೇ ಬಟ್ಟಲು ಖಾಲಿ ಮಾಡುತ್ತಿದ್ದಾಗ, ಶರ್ವರಿ ಹಿಟ್ಟಿನ ಕೈಯಲ್ಲೇ ರಸ್ತೆ ದಾಟಿ ಬಂದು ಮೇಜಿನ ಪಕ್ಕ ನಿಂತಳು.

"ಅಪ್ಪಾ, ಮಗಳ ಮನ್ಯಾಗ ಉಣಬ್ಯಾಡ್ರಿ. ಗಿರಾಕಿ ಆಗಿ ನಮ್ಮ ಹೋಟೆಲಿಗೆ ಬರ್ರಿ. ಅದಕ್ಕ ಯಾವ ಪದ್ಧತಿನೂ ಅಡ್ಡ ಬರಂಗಿಲ್ಲ."

ಕಲ್ಯಾಣಪ್ಪನವರು ಸುತ್ತಲಿನವರನ್ನು ನೋಡಿ ನಕ್ಕು, ಮೊಮ್ಮಗ ಬರಲಿ ಎಂದು ಶುರುಮಾಡಿದರು.

"ಬರಂಗಿಲ್ಲ, ಅಪ್ಪಾ" ಎಂದಳು ಶರ್ವರಿ. "ಡಾಕ್ಟರ್ ಹ್ವಾದ ವರ್ಷನ ಹೇಳ್ಯಾರ. ಅವ್ವಗ ಗೊತ್ತದ. ಹಿಂಗ ಆದ್ರ ನಾ ಸಾಯೂತನಕ ನೀವು ಇಲ್ಲೇ ಉಣಬೇಕಾಗ್ತದ."

ಅವಳು ಉತ್ತರಕ್ಕೆ ಕಾಯದೆ ಹೊರಟುಹೋದಳು. ಕಲ್ಯಾಣಪ್ಪನವರು ಕೈಯ ತುತ್ತನ್ನು ತಾಟಿಗೆ ಹಾಕಿದರು. ಆರು ವರ್ಷ ತಾವು ಹೇಳಿ ನಕ್ಕ ಮಾತು ಈಗ ಅವರಿಗೇ ಹೇಸಿಗೆಯೆನಿಸಿತು. ತಾಟನ್ನು ಅರ್ಧಕ್ಕೇ ಬಿಟ್ಟು, ಕೈ ತೊಳೆದು, ರಸ್ತೆ ದಾಟಿದರು.

ಹಣದ ಗಲ್ಲೆಯ ಮೇಲೆ ಕೂತಿದ್ದ ಉದಯಕುಮಾರ ಗಡಬಡಿಸಿ ಎದ್ದು, ಕೂಪನ್ ಹರಿದು ಅವರ ಕೈಗಿಟ್ಟ. ಶರ್ವರಿ ರೊಟ್ಟಿ, ಝುಣಕ, ಉಳ್ಳಾಗಡ್ಡಿ, ನೀರು ತಂದಿಟ್ಟಳು. ಅಭ್ಯಾಸಬಲದಿಂದ ಗ್ಲಾಸು ಮೂಗಿನವರೆಗೆ ಹೋಯಿತು. ಮೂಸದೆ ಗಟಗಟ ಕುಡಿದುಬಿಟ್ಟರು. ಆಮೇಲೆ ಉಂಡರು. ನಾಲಿಗೆ ತಪ್ಪು ಹುಡುಕುತ್ತ ಬಾಯೆಲ್ಲ ಸುತ್ತಿ ಬಂತು, ಏನೂ ಸಿಗಲಿಲ್ಲ. ಹೇಗಿದೆಯೆಂದು ಮಗಳು ಕೇಳುತ್ತಾಳೆಂದು ಕಾದರು. ಅವಳು ಪಕ್ಕದ ಮೇಜು ಒರೆಸುತ್ತಿದ್ದಳು. ಕೇಳಲೇ ಇಲ್ಲ.

ಕೊನೆಗೆ ಅವರೇ, "ಛಲೋ ಆಗೇದವ್ವಾ. ಇನ್ನೊಂದು ರೊಟ್ಟಿ ಹಾಕು" ಎಂದರು.

"ಅದಕ್ಕ ಬ್ಯಾರೆ ಕೂಪನ್ ಬೇಕು, ಅಪ್ಪಾ. ಅಲ್ಲಿ ಪಾಳಿ ಹಚ್ಚರಿ."

ಕಲ್ಯಾಣಪ್ಪನವರು ಎದ್ದರು. ಮೈಂದರ್ಗಿಯಿಂದ ಬಂದಿದ್ದ ಭಕ್ತರ ಹಿಂದೆ, ಎಂಜಲು ಕೈಯನ್ನು ಎದೆಗೆ ಮಡಚಿಕೊಂಡು ಪಾಳಿಗೆ ನಿಂತರು. ಎದುರಿನ ಹೋಟೆಲಿನವನು ಕೂಗುವುದನ್ನು ಬಿಟ್ಟು ನೋಡುತ್ತಿದ್ದ. ಶರ್ವರಿಯೂ ನೋಡುತ್ತಿದ್ದಳು.