ಬಾಯಿ ಹೊಲಿದ ಒರೆ

ನನ್ನ ಗಂಡ ನನ್ನ ಹೆಸರು ಮರೆತಾಗ ನನಗೆ ಅಷ್ಟೇನೂ ಅನಿಸಲಿಲ್ಲ. ಹೆಸರು ಹಿಡಿದು ಅವರು ಕರೆದದ್ದೇ ಕಡಿಮೆ. ಹೆದರಿಕೆ ಶುರುವಾದದ್ದು ಅವರು ಕತ್ತಿಯನ್ನು ಮರೆಯದೆ ಇದ್ದುದರಿಂದ.

ಅದು ಕಳ್ಳು ಇಳಿಸುವ ಕತ್ತಿ, ಅವರ ಅಪ್ಪನ ಕಾಲದ್ದು. ಅಲಗು ನನ್ನ ಅಂಗೈಗಿಂತ ಅಗಲ. ಹಿಡಿ ಬೆವರು ಕುಡಿದು ಕಪ್ಪಾಗಿದೆ. ಮರ ಹತ್ತುವುದನ್ನು ಅವರು ಬಿಟ್ಟು ಇಪ್ಪತ್ತು ವರ್ಷವಾಯಿತು. ಕೊಟ್ಟಾರದಲ್ಲಿರುವ ಮಗಳ ಫ್ಲ್ಯಾಟಿಗೆ ನಾವು ಬರುವಾಗ ಟ್ರಂಕಿನ ತಳದಲ್ಲಿ ಬಂದ ಕತ್ತಿ, ಅವರ ತಲೆ ಹಾಳಾದ ಮೇಲೆ ಸೊಂಟಕ್ಕೆ ಬಂತು. ಬೆಳಿಗ್ಗೆ ಬಾಲ್ಕನಿಯಲ್ಲಿ ಕೂತು ಹಲಗೆಯ ಮೇಲೆ ಮರಳು ಉದುರಿಸಿ ಮಸೆಯುತ್ತಿದ್ದರು. ಆ ಸದ್ದಿಗೆ ನಾನು ಏಳುತ್ತಿದ್ದೆ.

ಒಂದು ದಿನ ಮಧ್ಯಾಹ್ನ ಗ್ಯಾಸ್ ಸಿಲಿಂಡರಿನವನು ಬಂದ. ಇವರಿಗೆ ಅವನು ಕಳ್ಳು ಕದಿಯಲು ಬಂದವನಂತೆ ಕಂಡ.

"ನನ್ನ ಮಡಕೆಗೆ ಕೈ ಹಾಕ್ತೀಯಾ ಬೇವರ್ಸಿ!" ಎಂದವರೇ ಕತ್ತಿ ಎಳೆದರು. ಅವನು ಸಿಲಿಂಡರ್ ಬಿಟ್ಟು ಹಾರಿದ. ಪೆಟ್ಟು ಬಾಗಿಲಿನ ದಾರಂದಕ್ಕೆ ಬಿತ್ತು, ಒಂದು ಬೆರಳು ಆಳ.

"ಅಮ್ಮಾ, ಇನ್ನು ಸಿಲಿಂಡರ್ ಕೆಳಗೆ ವಾಚ್‌ಮನ್ ಹತ್ರ ಇಡ್ತೇನೆ. ನನಗೆ ಹೆಂಡತಿ ಮಕ್ಕಳು ಉಂಟು," ಎಂದು ಮೆಟ್ಟಿಲಿನಿಂದಲೇ ಕೂಗಿ ಹೋದ.

ಸಂಜೆ ಕೆಲಸದಿಂದ ಬಂದ ಮಗಳು ದಾರಂದವನ್ನು ಮುಟ್ಟಿ ನೋಡಿದಳು. "ಒಂದಾ ಕತ್ತಿ ಹೋಗ್ಬೇಕು, ಇಲ್ಲಾ ಅಪ್ಪನನ್ನು ಎಲ್ಲಿಗಾದ್ರೂ ಸೇರಿಸ್ಬೇಕು. ನೀನೇ ಹೇಳು ಅಮ್ಮ, ಎಂತ ಮಾಡುವ?"

ಕತ್ತಿಯನ್ನು ನಾನು ಒಮ್ಮೆ ಅಡಗಿಸಿ ನೋಡಿದ್ದೆ. ಅವರು ನನ್ನ ಕುತ್ತಿಗೆ ಹಿಡಿದು ಗೋಡೆಗೆ ಒತ್ತಿದ್ದರು. ಎಂಟು ದಿನ ಬೆರಳಿನ ಗುರುತು ಇತ್ತು. ಮೊಂಡು ಮಾಡೋಣವೆಂದರೆ ಉಗುರಿಗೆ ತಾಗಿಸಿ ತಿಳಿದುಕೊಳ್ಳುತ್ತಾರೆ. ಹಾಗಾಗಿ ಕತ್ತಿ ಅವರ ಸೊಂಟದಲ್ಲೇ ಇರಲಿ, ಆದರೆ ಹೊರಗೆ ಬರಬಾರದು ಎಂದು ಯೋಚಿಸಿದೆ. ಹಿಡಿಯ ಕುತ್ತಿಗೆ ಸಪೂರ, ಅಲಗು ಅಗಲ. ಕುತ್ತಿಗೆಯವರೆಗೂ ಚರ್ಮ ಹಾಕಿ ಹೊಲಿದುಬಿಟ್ಟರೆ ಯಾರು ಎಳೆದರೂ ಬರುವುದಿಲ್ಲ.

ಅವರು ಕತ್ತಿಯನ್ನು ಕೆಳಗಿಡುತ್ತಿದ್ದುದು ಸ್ನಾನಕ್ಕೆ ಹೋಗುವಾಗ ಮಾತ್ರ. ಒಂದು ದಿನ ಅವರು ಸ್ನಾನದಲ್ಲಿರುವಾಗ ಅದನ್ನು ಪೇಪರಿನ ಮೇಲಿಟ್ಟು ಪೆನ್ಸಿಲಿನಲ್ಲಿ ಗೆರೆ ಎಳೆದುಕೊಂಡೆ. ಆ ಪೇಪರ್ ಹಿಡಿದು ಬಸ್ಸಿನಲ್ಲಿ ಕಂಕನಾಡಿಗೆ ಹೋದೆ. ಮಾರ್ಕೆಟಿನ ಹತ್ತಿರ ಕೊಡೆಯ ಕೆಳಗೆ ಚಪ್ಪಲಿ ಹೊಲಿಯುವವನು ಪೇಪರನ್ನು ತಿರುಗಿಸಿ ನೋಡಿದ.

"ಬಾಯಿ ಯಾವ ಬದಿಗೆ ಇಡ್ಬೇಕು ಅಮ್ಮ?"

"ಬಾಯಿ ಬೇಡ."

"ಬಾಯಿ ಇಲ್ಲದ ಒರೆ ಎಂತಕ್ಕೆ ಮಾರಾಯ್ರೆ? ಕತ್ತಿ ಉಸಿರು ಕಟ್ಟಿ ಸಾಯ್ತದೆ!"

"ಸಾಯಲಿ ಅಂತಲೇ. ನೀನು ಎರಡು ತುಂಡು ಕತ್ತರಿಸಿ, ಸುತ್ತ ತೂತು ಹೊಡೆದು ಕೊಡು. ಹೊಲಿಯುವುದು ನಾನು."

ಅವನು ನಗುವುದು ಬಿಟ್ಟ. ದಪ್ಪ ಚರ್ಮ, ಮೇಣ ಉಜ್ಜಿದ ನೂಲು, ಎರಡು ಸೂಜಿ ಕೊಟ್ಟ. ಒಂದೇ ತೂತಿನಲ್ಲಿ ಆಚೆಯಿಂದಲೂ ಈಚೆಯಿಂದಲೂ ಸೂಜಿ ದಾಟಿಸಿದರೆ ಒಂದು ಕಡೆ ಹರಿದರೂ ಹೊಲಿಗೆ ಬಿಚ್ಚುವುದಿಲ್ಲ ಎಂದು ತೋರಿಸಿಕೊಟ್ಟ.

ಮರುದಿನ ಮಗಳು ಕೆಲಸಕ್ಕೆ ಹೋದ ಮೇಲೆ ಇವರು ಬಚ್ಚಲಿಗೆ ಹೋದರು. ನಾನು ಕತ್ತಿಯನ್ನು ಎರಡು ಚರ್ಮದ ನಡುವೆ ಇಟ್ಟು ಕೂತೆ. ತೂತು ನಲವತ್ತೆರಡು. ಬಚ್ಚಲಲ್ಲಿ ಚೊಂಬಿನ ಸದ್ದು ಕೇಳುತ್ತಿತ್ತು. ಆ ಸದ್ದು ಇರುವವರೆಗೆ ನನಗೆ ಸಮಯ. ಹತ್ತು ಹೊಲಿಗೆಗೆ ಬೆರಳು ಒದ್ದೆಯಾಯಿತು. ಬೆವರೆಂದುಕೊಂಡೆ, ನೋಡಿದರೆ ರಕ್ತ. ಚರ್ಮವನ್ನು ಕೊಯ್ದುಕೊಂಡು ಅಲಗಿನ ತುದಿ ಹೊರಗೆ ಇಣುಕಿತ್ತು. ಒಳಗೆ ತಳ್ಳಿ ಮುಂದುವರಿಸಿದೆ. ಮೂವತ್ತಾಯಿತು. ಮೂವತ್ತೈದು. ಚೊಂಬಿನ ಸದ್ದು ನಿಂತಿತು.

ಅವಸರಕ್ಕೆ ಸೂಜಿ ಎರಡು ಸಲ ತೂತು ತಪ್ಪಿತು. ಎದ್ದು ಓಡೋಣವೆಂದರೆ ಬಾಗಿಲಿಗೆ ಬಚ್ಚಲನ್ನು ದಾಟಿಯೇ ಹೋಗಬೇಕು. ಎರಡು ತೂತು ಉಳಿದಿರುವಾಗ ಅವರು ಬೈರಾಸು ಸುತ್ತಿಕೊಂಡು ಎದುರು ನಿಂತರು. ಮೈಯಿಂದ ನೀರು ಇಳಿಯುತ್ತಿತ್ತು.

"ಯಾರು ನೀನು? ನನ್ನ ಕತ್ತಿ ಎಂತಕ್ಕೆ ಮುಟ್ಟಿದ್ದು?"

ಅವರು ಕತ್ತಿಯನ್ನು ನನ್ನ ಮಡಿಲಿನಿಂದ ಎತ್ತಿಕೊಂಡರು. ಹಿಡಿ ಹಿಡಿದು ಎಳೆದರು. ಬರಲಿಲ್ಲ. ಇನ್ನೊಮ್ಮೆ ಎಳೆದರು. ನಾನು ಎರಡೂ ಕೈಯಿಂದ ಕುತ್ತಿಗೆ ಮುಚ್ಚಿಕೊಂಡೆ.

ಅವರು ಹೊಲಿಗೆಯ ಮೇಲೆ ಹೆಬ್ಬೆರಳು ಓಡಿಸಿದರು. ಕೊನೆಯ ಎರಡು ತೂತಿನ ಹತ್ತಿರ ಬೆರಳು ನಿಂತಿತು.

"ಆಟಿ ಬಂತಾ?" ಎಂದು ಕೇಳಿದರು.

ಆಟಿ ಎಂದರೆ ನಮ್ಮಲ್ಲಿ ಜಡಿಮಳೆಯ ತಿಂಗಳು. ಮರ ಜಾರುತ್ತದೆಂದು ಆ ತಿಂಗಳು ಅವರು ಹತ್ತುತ್ತಿರಲಿಲ್ಲ. ಕತ್ತಿಗೆ ಎಣ್ಣೆ ಹಚ್ಚಿ, ಅಡಿಕೆ ಹಾಳೆಯಲ್ಲಿ ಸುತ್ತಿ ಬಿಗಿದು, ಅಟ್ಟಕ್ಕೆ ಹಾಕುತ್ತಿದ್ದರು. ಇದೆಲ್ಲ ನನಗೆ ಆ ಗಳಿಗೆಯಲ್ಲಿ ಹೊಳೆದದ್ದು. ಮೊದಲೇ ಹೊಳೆದಿದ್ದರೆ ಚರ್ಮದ ಉಸಾಬರಿಯೇ ಬೇಡವಿತ್ತು.

"ಬಂತು," ಎಂದೆ.

"ಎಣ್ಣೆ ಹಚ್ಚಿದ್ದೀಯಾ?"

"ಹಚ್ಚಿದ್ದೇನೆ." ಹಚ್ಚಿರಲಿಲ್ಲ.

"ಮತ್ತೆ ಇಲ್ಲಿ ಎಂತಕ್ಕೆ ಬಿಟ್ಟದ್ದು? ನೀರು ಹೋದ್ರೆ ತುಕ್ಕು ಹಿಡಿಯುದಿಲ್ವಾ? ಕಣ್ಣು ಕಾಣುದಿಲ್ವಾ ನಿನಗೆ?"

ಅವರು ಎದುರು ಕೂತು ನೋಡುತ್ತಿರುವಾಗಲೇ ನಾನು ಆ ಎರಡನ್ನೂ ಹೊಲಿದೆ. ಗಂಟನ್ನು ಅವರೇ ಬಿಗಿದರು. "ಮೇಲೆ ಇಡು," ಎಂದು ನನ್ನ ಕೈಗೆ ಕೊಟ್ಟರು. ಆಮೇಲೆ ಕಿಟಕಿಯ ಕಡೆ ತಿರುಗಿದರು. ಹೊರಗೆ ಮಾರ್ಚ್ ತಿಂಗಳ ಬಿಸಿಲು.

"ಮಳೆ ಎಲ್ಲಿ?"

"ಈಗಷ್ಟೇ ಬಿಟ್ಟಿತು," ಎಂದು ಪರದೆ ಎಳೆದೆ.

ಕತ್ತಿ ಈಗ ಅಡುಗೆಕೋಣೆಯ ಮೇಲಿನ ಲಾಫ್ಟಿನಲ್ಲಿದೆ. ಮಗಳಿಗೆ ನಿಶ್ಚಿಂತೆ. ನನಗಿಲ್ಲ. ಬೆಳಿಗ್ಗೆ ಚಾ ಕುಡಿಯುವಾಗ ಅವರು ಆಟಿ ಮುಗಿಯಿತಾ ಎಂದು ಕೇಳುತ್ತಾರೆ. ನಿನ್ನೆಯಷ್ಟೇ ಶುರುವಾದದ್ದು ಎನ್ನುತ್ತೇನೆ. ನಂಬುತ್ತಾರೆ. ಅವರು ಕೇಳದೆ ಸುಮ್ಮನೆ ಲಾಫ್ಟಿನ ಕಡೆ ನೋಡುತ್ತಾ ಚಾ ಕುಡಿಯುವ ದಿನ ನಾನು ಬಾಗಿಲಿನ ಹತ್ತಿರವೇ ಕೂರುತ್ತೇನೆ.