ಹರಿದಾಸರ ಬಾಯಾದ ನಮ್ಮ ಯಜಮಾನರು

ನಮ್ಮ ಯಜಮಾನರು ಗುರುಚರಣ ಅವರಿಗೆ ಒಂದು ಕೆಟ್ಟ ಅಭ್ಯಾಸ. ಯಾರಾದರೂ ಸ್ವಲ್ಪ ಹೊಗಳಿದರೆ ಸಾಕು, ಏನು ಎತ್ತ ಎಂದು ಕೇಳದೆ ಒಪ್ಪಿಕೊಂಡುಬಿಡುತ್ತಾರೆ. ಮದ್ರಾಸಿನ ಟ್ರಿಪ್ಲಿಕೇನಿನಲ್ಲಿ ಹುಟ್ಟಿ, ಮಠದ ಭಜನೆಗಳಲ್ಲಿ ಹಾರ್ಮೋನಿಯಂ ಕಲಿತು, ಕನ್ನಡ ಹಾಡುಗಳು ಮದ್ರಾಸಿನಲ್ಲೇ ರೆಕಾರ್ಡ್ ಆಗುತ್ತಿದ್ದ ಕಾಲದಲ್ಲಿ ಸ್ಟುಡಿಯೋಗಳಲ್ಲಿ ನುಡಿಸಿದವರು. ಆಮೇಲೆ ಏಕೋ ಕರೆಯುವವರೇ ಇಲ್ಲವಾದರು. ಇವರೂ ಏಕೆಂದು ಯಾರನ್ನೂ ಕೇಳಲಿಲ್ಲ. ಅಡ್ಯಾರಿನಲ್ಲಿ ಮನೆಮನೆಗೆ ಹೋಗಿ ಮಕ್ಕಳಿಗೆ ಪಾಠ ಹೇಳಿಕೊಂಡೇ ಸಂಸಾರ ನಡೆಸಿದರು.

ಎರಡು ಸಾವಿರದ ಮೂರರಲ್ಲಿ ಅಮ್ಮಣ್ಣಿ ನಮ್ಮ ಮನೆಗೆ ಬಂದಳು. ಅವಳ ಗಂಡ ಹರಿದಾಸರು ಹಾಡು ಬರೆಯುವವರು, ಇವರ ಹಳೆಯ ಗೆಳೆಯರು. ಲಕ್ವ ಹೊಡೆದು ಅವರ ಮಾತು ನಿಂತುಹೋಗಿತ್ತು. ಅವರ ಆತ್ಮಕಥೆಯನ್ನು ಯಾರಿಂದಲಾದರೂ ಓದಿಸಿ ಸಿ.ಡಿ. ಮಾಡಬೇಕೆಂದು ನಮ್ಮ ಕನ್ನಡ ಬಳಗದವರು ಹೊರಟಿದ್ದರು. ಕಾರಣವೇನೋ ಸರಿಯಾದದ್ದೇ. ಇಲ್ಲಿ ಬೆಳೆದ ನಮ್ಮ ಮಕ್ಕಳಿಗೆ ಕನ್ನಡ ಕಿವಿಗೆ ಬಿದ್ದರೆ ತಿಳಿಯುತ್ತದೆ, ಓದಲು ಬರುವುದಿಲ್ಲ. ನಮ್ಮ ಮಗಳು ಸುಮೇಧಾಳೇ ಹಾಗೆ. ನುಂಗಂಬಾಕ್ಕಂನಲ್ಲಿ ಆಫೀಸು, ಬಾಯಿ ತೆರೆದರೆ ತಮಿಳು.

"ಗುರು ಅಣ್ಣಾ, ಅವರ ದನಿಗೂ ನಿಮ್ಮ ದನಿಗೂ ವ್ಯತ್ಯಾಸವೇ ಇಲ್ಲ. ನೀವಲ್ದೆ ಇನ್ಯಾರು ಓದ್ತಾರೆ?" ಎಂದಳು ಅಮ್ಮಣ್ಣಿ. ಅಲ್ಲಿಗೆ ಮುಗಿಯಿತು. ಇವರು "ಆಗ್ಲಮ್ಮಾ" ಅಂದುಬಿಟ್ಟರು. ಸುಮೇಧಾಳಿಗಂತೂ ಸಂಭ್ರಮವೋ ಸಂಭ್ರಮ. ಅಪ್ಪನ ಹೆಸರಿರುವ ಒಂದು ಕ್ಯಾಸೆಟ್ಟೂ ನಮ್ಮ ಮನೆಯಲ್ಲಿರಲಿಲ್ಲ. ಹಾರ್ಮೋನಿಯಂನವರ ಹೆಸರನ್ನು ಯಾರು ಹಾಕುತ್ತಾರೆ? ಮೊದಲ ಸಿ.ಡಿ. ತನಗೇ ಬೇಕೆಂದು ಅಂದೇ ಹೇಳಿಟ್ಟಳು.

ಆ ಆತ್ಮಕಥೆಯ ಪುಸ್ತಕ, ಬಿಡುಗಡೆಯ ದಿನ ಇವರಿಗೆ ಶಾಲಿನ ಜೊತೆ ಕೊಟ್ಟದ್ದು, ವರ್ಷಗಟ್ಟಲೆ ನಮ್ಮ ಶೋಕೇಸಿನಲ್ಲಿ ಕೂತಿತ್ತು. ಇವರು ತಮ್ಮ ಫೋಟೋ ಇದ್ದ ಪುಟ ನೋಡಿ ಮುಚ್ಚಿಟ್ಟಿದ್ದರು. ನಾನು ಅದನ್ನೂ ನೋಡಿರಲಿಲ್ಲ. ಈಗಲಾದರೂ ಒಮ್ಮೆ ಓದಿಕೊಳ್ಳಿ ಅಂದರೆ ಕೇಳಲಿಲ್ಲ. ಸ್ವರ ಬರೆದ ಚೀಟಿ ಕೈಗೆ ಕೊಟ್ಟೊಡನೆ ನುಡಿಸಿ ಎದ್ದು ಬರುವ ಸ್ಟುಡಿಯೋ ಜನ, ಮೊದಲೇ ನೋಡಿಕೊಳ್ಳುವುದು ಇವರಿಗೆ ಅವಮಾನ.

ರೆಕಾರ್ಡಿಂಗಿನ ದಿನ ನಾನೂ ಫ್ಲಾಸ್ಕಿನಲ್ಲಿ ಬಿಸಿನೀರು ಹಿಡಿದು ಸ್ಟುಡಿಯೋಗೆ ಜೊತೆಯಾಗಿ ಹೋದೆ. ಗಾಜಿನ ಆಚೆ ಮೈಕಿನ ಮುಂದೆ ಇವರು. ಈಚೆ ಮೈಸೂರಿನ ಕಡೆಯ ಮೋಹನ್ ಎಂಬ ರೆಕಾರ್ಡಿಂಗ್ ಹುಡುಗ, ನಾನು, ಅಮ್ಮಣ್ಣಿ, ಗಾಲಿಕುರ್ಚಿಯಲ್ಲಿ ಹರಿದಾಸರು. ಅವರು ತೊಡೆಯ ಮೇಲೆ ಪುಸ್ತಕ ಇಟ್ಟುಕೊಂಡು, ಎಡಗೈ ಬೆರಳನ್ನು ಸಾಲಿನಿಂದ ಸಾಲಿಗೆ ಸರಿಸುತ್ತಿದ್ದರು. ಇವರು ಅಲ್ಲಿ "ನಾನು" "ನಾನು" ಎಂದು ಓದುತ್ತಿದ್ದರೆ ಇಲ್ಲಿ ಹರಿದಾಸರ ತುಟಿ ಅಲುಗುತ್ತಿತ್ತು. ಸುಳ್ಳೇಕೆ, ನನಗೂ ಕಣ್ಣು ತುಂಬಿತು.

ಹರಿದಾಸರಿಗೆ ಹೆಸರು ತಂದ ಹಾಡಿನ ಅಧ್ಯಾಯ ಬಂತು. ಓದುತ್ತಾ ಇವರು ತಟ್ಟನೆ ನಿಂತರು. ಒಂದು ಗುಟುಕು ನೀರು ಕುಡಿದು ಮುಂದುವರಿದರು. ಹರಿದಾಸರು ಪುಸ್ತಕದ ಮೇಲೆ ಟಕಟಕ ಕುಟ್ಟಿದರು.

"ಸಾರ್, ಒಂದು ಸಾಲು ಬಿಟ್ಟೋಯ್ತು," ಎಂದ ಮೋಹನ್.

ನಾನು ಬಗ್ಗಿ ನೋಡಿದೆ. "ಅಂದು ನನ್ನ ಹಾರ್ಮೋನಿಯಂನವನು ಗುರುಚರಣ ಕುಡಿದು ಎಲ್ಲೋ ಬಿದ್ದಿದ್ದ, ರೆಕಾರ್ಡಿಂಗಿಗೆ ಬರಲೇ ಇಲ್ಲ, ಕೇಳಿದವರಿಗೆಲ್ಲ ನಾನು ಇದ್ದದ್ದನ್ನೇ ಹೇಳಿದೆ" ಎಂದಿತ್ತು.

ನನಗೆ ಮೈಯೆಲ್ಲ ಉರಿದುಹೋಯಿತು. ಕುಡಿದಿದ್ದರಂತೆ! ಏಕಾದಶಿಯ ದಿನ ನೀರೂ ಮುಟ್ಟದ ಮನುಷ್ಯ. ಅಂದು ಇವರು ನಿಂತಿದ್ದದ್ದು ಎಗ್ಮೋರಿನ ಆಸ್ಪತ್ರೆಯ ವರಾಂಡದಲ್ಲಿ. ಒಳಗೆ ನಾನು ಸುಮೇಧಾಳನ್ನು ಹೆರುತ್ತಿದ್ದೆ, ಉಳಿಯುತ್ತೇನೆಂಬ ಭರವಸೆ ಯಾರಿಗೂ ಇರಲಿಲ್ಲ. ಹರಿದಾಸರಿಗೆ ಹೇಳಿಕಳಿಸಿದ್ದೆವು, ಆ ಮಾತು ತಲುಪಿತೋ ಇಲ್ಲವೋ. ಸ್ಟುಡಿಯೋದವರು ಇವರನ್ನು ಕರೆಯುವುದನ್ನು ಏಕೆ ಬಿಟ್ಟರೆಂದು ನಮಗೆ ತಿಳಿದದ್ದು ಆ ಸಾಲಿನಿಂದ.

ಇವರು ಹೊರಗೆ ಬಂದು ಗಾಲಿಕುರ್ಚಿಯ ಮುಂದೆ ಕುಕ್ಕರಗಾಲಲ್ಲಿ ಕೂತರು. "ಹರಿ, ಅವತ್ತು ಜಯಲಕ್ಷ್ಮೀಗೆ ಹೆರಿಗೆ ಕಣೋ. ನಾನು ಎಗ್ಮೋರ್‌ನಲ್ಲಿದ್ದೆ. ಪುಸ್ತಕದಲ್ಲಿ ಇದ್ರೆ ಇರ್ಲಿ, ನನ್ನ ಬಾಯಲ್ಲಿ ಬೇಡ. ಇದನ್ನ ನನ್ನ ಮಗಳು ಕೇಳ್ತಾಳೆ."

ಹರಿದಾಸರು ಇವರನ್ನೇ ನೋಡಿದರು. ಗಂಟಲಲ್ಲಿ ಏನೋ ಸದ್ದಾಯಿತು. ಬೆರಳು ಮತ್ತೆ ಅದೇ ಸಾಲಿಗೆ ಹೋಗಿ ಕುಟ್ಟತೊಡಗಿತು. ಕುಟ್ಟುತ್ತಾ ಕುಟ್ಟುತ್ತಾ ಮೈಯೆಲ್ಲ ನಡುಗಿತು. ಅಮ್ಮಣ್ಣಿ ಅಳುತ್ತಾ, "ಬಿ.ಪಿ. ಏರಿದ್ರೆ ಉಳಿಯಲ್ಲ ಅಂದಿದಾರೆ ಡಾಕ್ಟ್ರು. ಓದಿಬಿಡಿ ಅಣ್ಣಾ, ನಿಮ್ಮ ಕಾಲಿಗೆ ಬೀಳ್ತೀನಿ," ಎಂದಳು.

"ಆಮೇಲೆ ನೀನು ಅದನ್ನ ತೆಗೆದುಬಿಡಪ್ಪಾ," ಎಂದು ನಾನು ಮೋಹನ್‌ಗೆ ಪಿಸುಗುಟ್ಟಿದೆ.

"ಆಗಲ್ಲ ಅಮ್ಮಾ. ಎಲ್ಲಾ ಮುಗಿದ ಮೇಲೆ ಹರಿದಾಸ್ ಸಾರೇ ಪೂರ್ತಿ ಕೇಳಿ ಒಪ್ಕೋಬೇಕು."

ಬಾಯಿ ಇರುವವರ ಜೊತೆ ಜಗಳವಾಡಬಹುದು. ಹರಿದಾಸರ ಜೊತೆ ಏನು ಆಡುವುದು? "ಏಳ್ರೀ, ಮನೆಗೆ ಹೋಗೋಣ," ಎಂದೆ. ಇವರು ನನ್ನನ್ನು ನೋಡಿದರು, ಹರಿದಾಸರ ಬಾಯಿಂದ ಇಳಿಯುತ್ತಿದ್ದ ಜೊಲ್ಲನ್ನು ತಮ್ಮ ಕರ್ಚೀಫಿನಿಂದ ಒರೆಸಿದರು, ಎದ್ದು ಗಾಜಿನ ಆಚೆ ಮೈಕಿನ ಮುಂದೆ ಹೋದರು.

ಆ ಒಂದೇ ಸಾಲನ್ನು ಮೋಹನ್ ಬೇರೆಯಾಗಿ ಓದಿಸಿದ. ಮೊದಲ ಸಲ ಇವರ ದನಿ ನಡುಗಿತು. "ಸಾರ್, ಹಿಂದುಮುಂದಿನದಕ್ಕೆ ಕೂಡ್ತಾ ಇಲ್ಲ. ಇನ್ನೂ ಗಟ್ಟಿಯಾಗಿ ಬರ್ಲಿ," ಎಂದ. ಮತ್ತೆ ಓದಿದರು, ಮತ್ತೂ ಓದಿದರು. ಕೆಲಸ ಹಾಳು ಮಾಡಿ ಇವರಿಗೆ ಗೊತ್ತಿಲ್ಲವಲ್ಲ, ಕೊನೆಯ ಸಲ ಎಲ್ಲಿಯೂ ತಡವರಿಸದೆ, ಕಣ್ಣಾರೆ ಕಂಡವರ ಹಾಗೆ ಓದಿದರು. ಹರಿದಾಸರು ಪುಟ ತಿರುಗಿಸಿದರು.

ಸಿ.ಡಿ. ಬಂದ ಭಾನುವಾರ ಸುಮೇಧಾ ಹಾಲ್‌ನಲ್ಲಿ ಕೂತು ಕೇಳಿದಳು. ಇವರು ಅಡುಗೆಮನೆಯಲ್ಲಿ ನನ್ನ ಪಕ್ಕದಲ್ಲೇ ನಿಂತಿದ್ದರು. ಆ ಸಾಲು ಬಂತು. ಅವಳು ನಿಲ್ಲಿಸಿದಳು. "ಅಪ್ಪಾ ಕುಡಿಪ್ಪಾರಾಮ್ಮಾ?" ಎಂದಳು ತಮಿಳಿನಲ್ಲಿ. ಅಪ್ಪ ಕುಡಿಯುತ್ತಿದ್ದರಾ ಎಂದು.

ನಾನು ಓಡಿಹೋಗಿ ಎಲ್ಲ ಹೇಳಿದೆ. ಅವಳು ಹುಟ್ಟಿದ ದಿನದ ಕಥೆ, ವರಾಂಡ, ಹರಿದಾಸರ ಬೆರಳು, ಯಾವುದನ್ನೂ ಬಿಡಲಿಲ್ಲ. ನಂಬಬೇಕೆಂಬ ಆಸೆ ಅವಳ ಮುಖದಲ್ಲೇ ಕಾಣುತ್ತಿತ್ತು. ಗುಂಡಿ ಒತ್ತಿ ಆ ಸಾಲನ್ನು ಇನ್ನೊಮ್ಮೆ ಕೇಳಿದಳು. ನಮ್ಮೊಡನೆ ಎಂದೂ ಕನ್ನಡದಲ್ಲಿ ಮಾತಾಡದವಳು ಅಂದು ಕನ್ನಡದಲ್ಲೇ ಕೇಳಿದಳು: "ಸುಳ್ಳು ಅಂದ್ರೆ, ಅಪ್ಪಾ ಯಾಕೆ ಇಷ್ಟು ನಿಜವಾಗಿ ಹೇಳಿದಾರೆ?"

ಇವರು ಬಾಗಿಲಿಗೆ ಬಂದು ನಿಂತಿದ್ದರು. "ಅದು ನಾನಲ್ಲಮ್ಮಾ, ಹರಿ," ಎಂದರು.

ಪ್ಲೇಯರಿನಿಂದ ಬಂದಿದ್ದೂ ಇದೇ ದನಿ. ಮಗಳು ಒಮ್ಮೆ ಅದನ್ನು ನೋಡಿದಳು, ಒಮ್ಮೆ ಅಪ್ಪನನ್ನು ನೋಡಿದಳು.