ಅಳಿಸಿದ ಸೊನ್ನೆಗಳು

ಸವದತ್ತಿಯ ಗುಡ್ಡದ ಮೇಲೆ ಗಾಳಿಯಿಂದ ಕರೆಂಟು ತೆಗೆಯುವ ಕಂಪನಿಯಲ್ಲಿ ನನಗೆ ಲೆಕ್ಕದ ಕೆಲಸ. ಗಾಳಿ ಒಮ್ಮೆ ಬಿದ್ದರೆ, ಅಂದರೆ ಬೀಸುವುದು ನಿಂತರೆ, ಹೆಚ್ಚೆಂದರೆ ಎಷ್ಟು ದಿನ ಹಾಗೇ ಇರಬಹುದು ಎಂದು ಹಳೆಯ ಅಳತೆಗಳಿಂದ ಅಂದಾಜು ಕಟ್ಟಬೇಕು. ಆದರೆ ನನಗೆ ಕೊಟ್ಟ ಅಳತೆಗಳಲ್ಲಿ ಗಾಳಿ ನಿಂತ ದಿನವೇ ಇರಲಿಲ್ಲ. ಸೊನ್ನೆ ಕಂಡಲ್ಲೆಲ್ಲ ಅಳಿಸಿದ್ದರು.

"ಗುಡ್ಡದ ಮ್ಯಾಲ ಗಾಳಿ ನಿಂದ್ರೂದಿಲ್ರಿ. ಸೊನ್ನಿ ಬಂದ್ರ ಮೀಟರ್ ಕೆಟ್ಟೈತಿ ಅಂತ ತಿಳೀರಿ," ಎಂದರು ಸಾಹೇಬರು.

ಮೈಯೆಲ್ಲ ಉರಿಯಿತು. ಅಂಜಬೇಕಾದ ದಿನಗಳನ್ನೇ ಕಿತ್ತೊಗೆದು, ಅಂಜಿಕೆಯಿಲ್ಲ ಎಂದು ಬರೆದುಕೊಡು ಅಂದರೆ? ಸಂಪಗಾಂವದ ನಮ್ಮ ಕಣದಲ್ಲಿ ಜೋಳ ತೂರಲು ಮೊರ ಹಿಡಿದು ನಿಂತು, ಗಾಳಿ ಬಾರದೆ ಸುಮ್ಮನೆ ಮನೆಗೆ ಬಂದದ್ದು ಎಷ್ಟು ಸಲವೋ! ಮೀಟರಿನ ಮೂಲ ಅಳತೆ ತರಿಸಿ, ಸೊನ್ನೆಗಳನ್ನು ಸೇರಿಸಿ ವರದಿ ಕೊಟ್ಟೆ. ಅವರು ಓದಲಿಲ್ಲ.

ಈ ಬೇಸಿಗೆಯಲ್ಲಿ ಗಾಳಿ ಬಿದ್ದೇಬಿಟ್ಟಿತು. ಗುಡ್ಡದ ಮೇಲಿನ ಗಾಳಿಯಂತ್ರಗಳ ರೆಕ್ಕೆಗಳು ನಿಂತವು. ಲೋಡ್ ಶೆಡ್ಡಿಂಗ್ ಶುರುವಾಗಿ ಆಫೀಸಿನ ಫ್ಯಾನೂ ನಿಂತಿತು. ಸಾಹೇಬರು ನನ್ನನ್ನು ಕರೆಸಿದರು.

"ಈ ವಾರದ ಸೊನ್ನಿನೂ ತಗದ ಹಾಕ್ರಿ. ಮೀಟರ್ ಕೆಟ್ಟೈತಿ."

ಹಾಗೆನ್ನುವಾಗ ಅವರು ಬೆವರೊರೆಸುತ್ತ ಗಾಳಿ ಬೀಸಿಕೊಳ್ಳುತ್ತಿದ್ದದ್ದು ನನ್ನ ಅದೇ ವರದಿಯಿಂದ.